ಆರು ಗುಂಡಿ, ಆರು ಗುಡ್ಡ

ಜೂನ್ ೩, ಸೋಮವಾರ

ಇವತ್ತು ಆಂಬ್ಯುಲೆನ್ಸಿನ ಸಹಾಯಕಿಯೊಬ್ಬರು ಬಂದು ನಮ್ಮ ಮಾಲೀಕರ ಬೆವರಿಳಿಸಿದರು. ನಮ್ಮ ಕಾರ್ಖಾನೆ ತಯಾರಿಸುವ, ಮಡಚಿ ಹೊರುವ ಮೆಟ್ಟಿಲು ಕುರ್ಚಿಯನ್ನು ಅವರ ಮೇಜಿನ ಮುಂದೆ ತಂದಿಟ್ಟು, "ಸಾರ್, ಪೇಷೆಂಟನ್ನ ಕೂರಿಸಿ ಮೆಟ್ಟಿಲಿಳಿಸೋಕೆ ಇದು ತುಂಬಾ ಚೆನ್ನಾಗಿದೆ, ಒಪ್ಕೋತೀನಿ. ಆದ್ರೆ ಖಾಲಿ ಕುರ್ಚೀನ ಮೇಲಕ್ಕೆ ಹೊತ್ಕೊಂಡು ಹೋಗೋರು ನಾವು. ಒಂದ್ಸಲ ನೀವೇ ಹೊತ್ತು ನೋಡಿ" ಎಂದರು. ಮಾಲೀಕರು ಮರ್ಯಾದೆಗೆ ಅಂಜಿ ಹೊತ್ತರು. ಎರಡನೇ ಮಹಡಿ ಮುಟ್ಟುವಷ್ಟರಲ್ಲಿ ಕುರ್ಚಿಯನ್ನು ಬಿಡಿಸಿ ಅದರಲ್ಲೇ ಕೂತುಬಿಟ್ಟರು.

ಭಾರವೆಲ್ಲ ಇರುವುದು ಗಿಯರ್ ಪೆಟ್ಟಿಗೆಯಲ್ಲಿ, ಅದರಲ್ಲೂ ದೊಡ್ಡ ಹಲ್ಲುಚಕ್ರದಲ್ಲಿ. ಅದನ್ನು ಡಿಸೈನ್ ಮಾಡಿದವನು ನಾನೇ. ಇಷ್ಟು ವರ್ಷಗಳಲ್ಲಿ ಅದರ ಒಂದು ಹಲ್ಲೂ ಮುರಿದಿಲ್ಲ ಎಂದು ಎದೆಯುಬ್ಬಿಸಿಕೊಂಡೇ ಹೇಳಿದೆ. "ನಿಮ್ಮ ಚಕ್ರ ಮುರಿಯಲ್ಲ ಸಾರ್, ನಮ್ಮ ಸೊಂಟ ಮುರಿಯುತ್ತೆ" ಎಂದರು ಆಕೆ. ಎಲ್ಲರೂ ನಕ್ಕರು. ನಾನು ಮಾತ್ರ ಮುಖ ಊದಿಸಿಕೊಂಡು ಕೂತೆ.

ಆಮೇಲೆ ಮಾಲೀಕರು ನಮ್ಮನ್ನೆಲ್ಲ ಕೂರಿಸಿಕೊಂಡು ತೀರ್ಮಾನ ಹೇಳಿದರು. ಜುಲೈ ಹನ್ನೆರಡಕ್ಕೆ ಆಕೆ ಮತ್ತೆ ಬರುತ್ತಾರೆ. ಅಷ್ಟರೊಳಗೆ ದೊಡ್ಡ ಚಕ್ರದ ತೂಕ ಅರ್ಧಕ್ಕಿಳಿಯಬೇಕು. ಆಗದಿದ್ದರೆ ಹೊರಗಿನಿಂದ ಪ್ಲಾಸ್ಟಿಕ್ ಚಕ್ರ ತರಿಸುತ್ತಾರೆ. ಪ್ಲಾಸ್ಟಿಕ್ಕಿಗೆ ಹದ ಕೊಡಬೇಕಾಗಿಲ್ಲ. ಉಕ್ಕನ್ನು ಕಾಯಿಸಿ ಎಣ್ಣೆಯಲ್ಲಿ ಮುಳುಗಿಸಿ ಗಟ್ಟಿ ಮಾಡುವ ನಮ್ಮ ಫರ್ನೇಸ್ ವಿಭಾಗವನ್ನೇ ಮುಚ್ಚಿ ಮಾರಿಬಿಡುತ್ತಾರಂತೆ. ಆ ವಿಭಾಗದ ಮುಖ್ಯಸ್ಥೆ, ಎಲ್ಲರೂ ಫರ್ನೇಸ್ ಮೇಡಂ ಎನ್ನುವವರು, ಅಲ್ಲೇ ಕೂತಿದ್ದರು. "ಸರಿ" ಎಂದಷ್ಟೇ ಹೇಳಿದರು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

"ಉಕ್ಕಿನಲ್ಲೇ ಮಾಡಿಕೊಡ್ತೀನಿ" ಎಂದೆ. ನನ್ನ ದನಿ ಅಷ್ಟು ಜೋರಾಗಿ ಬಂದದ್ದು ಯಾಕೋ ಗೊತ್ತಿಲ್ಲ.

ಜೂನ್ ೫, ಬುಧವಾರ

ಪ್ಲಾಸ್ಟಿಕ್ಕಿನ ಲೆಕ್ಕವನ್ನೂ ಹಾಕಿದೆ. ಮೊಂಡುತನಕ್ಕೆ ಬಿದ್ದು ಸುಳ್ಳು ಹೇಳಬಾರದಲ್ಲ. ಆಗುತ್ತದೆ, ಆದರೆ ಹಲ್ಲುಗಳನ್ನು ಎರಡರಷ್ಟು ಅಗಲ ಮಾಡಬೇಕು, ಪೆಟ್ಟಿಗೆ ಉಬ್ಬಿ ಮೆಟ್ಟಿಲ ಅಂಚಿಗೆ ತಾಗುತ್ತದೆ. ಲೆಕ್ಕವೂ ನನ್ನ ಕಡೆಗೇ ನಿಂತದ್ದು ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ಉಕ್ಕಿನ ಚಕ್ರವನ್ನು ಹಗುರ ಮಾಡುವಾಗ ಹಲ್ಲಿಗೆ ಕೈ ಹಚ್ಚಬಾರದು. ಹಲ್ಲು ಮುರಿಯುವುದು ಬುಡದಲ್ಲಿ. ಹಾಗಾಗಿ ಅಲ್ಲಿನ ಮೂಲೆಯನ್ನು ಇನ್ನಷ್ಟು ದುಂಡಗೆ ಮಾಡಿ ಬಲ ಕೊಟ್ಟೆ. ಕಡಿಮೆ ಮಾಡಬೇಕಾದದ್ದು ಅಂಚಿಗೂ ನಡುವಿಗೂ ಮಧ್ಯೆ ಇರುವ ತಟ್ಟೆಯಲ್ಲಿ. ಅದನ್ನು ತೆಳ್ಳಗೆ ಮಾಡಿ, ಸುತ್ತಲೂ ಆರು ದೊಡ್ಡ ತೂತು ಬಿಟ್ಟೆ. ನಾಲ್ಕು ಕಿಲೋ ಇದ್ದದ್ದು ಲೆಕ್ಕದ ಪ್ರಕಾರ ಎರಡು ಕಿಲೋ ಒಳಗೆ ಬರುತ್ತದೆ.

ಅಕ್ಕ ನನ್ನ ಜೊತೆಗೇ ಇರುವವಳು. ಮನೆಯ ಮುಂದಿನ ಕೋಣೆಯಲ್ಲಿ ಕೋಟು ಹೊಲಿಯುವ ಅಂಗಡಿ ಇಟ್ಟಿದ್ದಾಳೆ. ಚಿತ್ರ ನೋಡಿ, "ಕಂಕುಳಲ್ಲಿ ಬಿಗಿ ಇಟ್ಟು ಬೆನ್ನಲ್ಲಿ ಬಟ್ಟೆ ತೆಗೆದ ಹಾಗಿದೆ. ಸರಿಯಾಗಿದೆ ಬಿಡೋ" ಎಂದಳು. ಇಪ್ಪತ್ತು ವರ್ಷದ ನನ್ನ ವಿದ್ಯೆಯನ್ನು ಒಂದು ಕಂಕುಳಲ್ಲಿ ಮುಗಿಸಿಬಿಟ್ಟಳು.

ಜೂನ್ ೧೧, ಮಂಗಳವಾರ

ನಾನು ಚಿತ್ರವನ್ನು ಸಾಮಾನ್ಯವಾಗಿ ಕಂಪ್ಯೂಟರಿನಲ್ಲೇ ಕಳಿಸಿಬಿಡುವವನು. ಬೇಕಾದದ್ದೆಲ್ಲ ಚಿತ್ರದಲ್ಲೇ ಇರುತ್ತದೆ, ಅದರ ಮೇಲೆ ಮಾತು ಯಾಕೆ ಎನ್ನುವುದು ನನ್ನ ಹಳೆಯ ವಾದ. ಇವತ್ತು ಮಾತ್ರ ಪ್ರಿಂಟು ಹಿಡಿದು ನಾನೇ ಫರ್ನೇಸ್ ವಿಭಾಗಕ್ಕೆ ಹೋದೆ. ತೆಳುವಾದ ಚಕ್ರ, ಎದುರಿಗೆ ವಿವರಿಸುವುದು ಒಳ್ಳೆಯದು.

ಅಲ್ಲಿ ವಿಪರೀತ ಸೆಕೆ, ಸುಟ್ಟ ಎಣ್ಣೆಯ ವಾಸನೆ. ಮೇಡಂ ಎರಡೂ ಗಮನಕ್ಕೇ ಬಾರದವರಂತೆ ಎತ್ತರದ ಸ್ಟೂಲಿನ ಮೇಲೆ ಕೂತು ತಾಪಮಾನದ ಗೆರೆಗಳನ್ನು ನೋಡುತ್ತಿದ್ದರು. ಪ್ರಿಂಟನ್ನು ಕಣ್ಣಿನ ಹತ್ತಿರ ಹಿಡಿದು, "ಸರ್, ಇಷ್ಟು ತೆಳ್ಳಗಿರೋದನ್ನ ಕೆಂಪಗೆ ಕಾಯಿಸಿ ಎಣ್ಣೇಲಿ ಮುಳುಗಿಸಿದ್ರೆ ಅದು ಸುಮ್ನೆ ಇರುತ್ತಾ?" ಎಂದರು.

"ಇರಬೇಕು ಅಂತ ಲೆಕ್ಕ ಹೇಳುತ್ತೆ."

"ಲೆಕ್ಕ ಹೇಳೋದು ಲೆಕ್ಕಕ್ಕೆ. ಎಣ್ಣೆಗೆ ಯಾರು ಹೇಳ್ತಾರೆ?" ಎಂದು ನಕ್ಕರು. ಆಮೇಲೆ, "ಅವಳೂ ಹೀಗೇ, ನನ್ನ ಮಗಳು. ಸುಮ್ನಿರು ಅಂದ್ರೆ ಸುಮ್ನಿರೋಳಲ್ಲ" ಎಂದರು. ಮಗಳು ಬೇರೆ ಊರಿನಲ್ಲಿ ಓದುತ್ತಿದ್ದಾಳಂತೆ, ಗಂಡ ತೀರಿಕೊಂಡು ಎಂಟು ವರ್ಷವಾಯಿತಂತೆ. ಒಂದೇ ಕಟ್ಟಡದಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದ್ದೇವೆ, ನನಗೆ ಇದೊಂದೂ ಗೊತ್ತಿರಲಿಲ್ಲ.

ಹತ್ತು ನಿಮಿಷದ ಕೆಲಸಕ್ಕೆ ಒಂದು ಗಂಟೆ ಹಿಡಿಯಿತು. ತೆಳುವಾದ ಚಕ್ರ ಎಂದರೆ ಹಾಗೇ.

ಜೂನ್ ೧೪, ಶುಕ್ರವಾರ

ಮತ್ತೆ ಮೂರು ಸಲ ಫರ್ನೇಸ್ ವಿಭಾಗಕ್ಕೆ ಹೋಗಬೇಕಾಯಿತು. ಅಲ್ಲಿಯವರಿಗೆ ಸೆಕೆಗೆ ಒಳ್ಳೆಯದೆಂದು ಒಂದು ಚೀಲ ಕಿತ್ತಳೆ ಕೊಂಡುಹೋದೆ. ಸಂಜೆ ಎರಡು ಹೊಸ ಶರ್ಟು ತಂದೆ, ಹಳೆಯವುಗಳ ಕಾಲರ್ ಹರಿದಿತ್ತು. "ಕಾಲರ್ ಹರಿದು ಮೂರು ವರ್ಷ ಆಯ್ತಲ್ಲೋ" ಎಂದಳು ಅಕ್ಕ. ಹರಿದದ್ದನ್ನು ಯಾವತ್ತಾದರೊಂದು ದಿನ ಬದಲಿಸಲೇಬೇಕು.

ಜೂನ್ ೨೦, ಗುರುವಾರ

ಮೊದಲ ನಾಲ್ಕು ಚಕ್ರಗಳು ಹದವಾಗಿ ಬಂದವು. ತೂಕ ಒಂದು ಕಿಲೋ ಒಂಬೈನೂರು ಗ್ರಾಂ. ಕೈಯಲ್ಲಿ ಹಿಡಿದಾಗ ಇದು ನನ್ನದೇನಾ ಅನಿಸಿತು. ಅಂಗೈ ಮೇಲೆ ಇಟ್ಟುಕೊಂಡು ಮಾಲೀಕರ ಕೋಣೆಗೆ ಮೆರವಣಿಗೆ ಹೋಗಿಬಂದೆ.

ಆ ಸಂತೋಷ ಮಧ್ಯಾಹ್ನದವರೆಗೂ ಉಳಿಯಲಿಲ್ಲ. ಅಳತೆ ಕೋಣೆಯವನಿಗೆ ನಾವಿಟ್ಟ ಹೆಸರು ಮೈಕ್ರಾನ್. ತಲೆಯ ಮೇಲೆ ಒಂದು ಕೂದಲಿಲ್ಲ, ಆದರೆ ಕೂದಲೆಳೆಯನ್ನು ಹತ್ತಾಗಿ ಸೀಳಿ ಅಳೆಯುವವನು. ಅವನ ಯಂತ್ರ ಚಕ್ರದ ಅಂಚಿನ ಆಕಾರವನ್ನು ಕಾಗದದ ಮೇಲೆ ದೊಡ್ಡದು ಮಾಡಿ ಬರೆಯುತ್ತದೆ. ಬರಬೇಕಾದದ್ದು ಒಂದು ವೃತ್ತ, ಬಂದದ್ದು ಆರು ಎಸಳಿನ ಹೂವು. ಪ್ರತಿ ತೂತಿನ ಎದುರಿಗೂ ಅಂಚು ಒಳಕ್ಕೆ ಕುಸಿದಿತ್ತು. ಅಂದರೆ ಆರು ತೂತಿಗೆ ಆರು ಗುಂಡಿ. ಪೆಟ್ಟಿಗೆಗೆ ಹಾಕಿ ಓಡಿಸಿದರೆ ಗುರ್ ಗುರ್ ಎಂದು ಸದ್ದು. ಇಂಥ ಸದ್ದಿರುವ ಕುರ್ಚಿಯಲ್ಲಿ ರೋಗಿಯನ್ನು ಕೂರಿಸಿದರೆ ಎದೆನೋವಿಲ್ಲದವನಿಗೂ ಬರುತ್ತದೆ. ಹದವಾದ ಮೇಲೆ ಹಲ್ಲನ್ನು ಉಜ್ಜಿ ಸರಿಮಾಡುವ ಯಂತ್ರ ನಮ್ಮಲ್ಲಿಲ್ಲ, ಎಣ್ಣೆಯಿಂದ ಹೊರಬಂದ ಆಕಾರವೇ ಕೊನೆಯ ಆಕಾರ.

ಮಾಲೀಕರು, "ಯಾರ ತಪ್ಪು ರೀ ಇದು?" ಎಂದರು.

"ನನ್ನದು. ಎಣ್ಣೆ ತೂತಿನೊಳಗೆ ನುಗ್ಗಿ ಅಲ್ಲಿ ಉಕ್ಕು ಬೇಗ ತಣ್ಣಗಾಗಿದೆ, ನಾನು ಯೋಚಿಸಬೇಕಿತ್ತು" ಎಂದರು ಮೇಡಂ.

"ಇಲ್ಲ, ತೂತು ಕೊಟ್ಟವನು ನಾನು" ಎಂದೆ.

"ತೂತು ನಿಮ್ಮದಿರಬಹುದು, ಎಣ್ಣೆ ನನ್ನದು."

ಮಾಲೀಕರು ನಮ್ಮಿಬ್ಬರ ಮುಖವನ್ನೂ ನೋಡಿ, "ತಪ್ಪಿಗೆ ಹೀಗೆ ಕಿತ್ತಾಡೋರನ್ನ ನಾನು ಮೊದಲ ಸಲ ನೋಡ್ತಿರೋದು" ಎಂದು ಎದ್ದುಹೋದರು. ಈ ಚಕ್ರಕ್ಕೆ ಬಳಸುವ ವಿಶೇಷ ಉಕ್ಕು ಇನ್ನು ಎಂಟು ಚಕ್ರಕ್ಕಾಗುವಷ್ಟು ಮಾತ್ರ ಉಳಿದಿದೆ, ಹೊಸದು ತರಿಸಲು ತಿಂಗಳ ಮೇಲೆ ಬೇಕು.

ಜೂನ್ ೨೨, ಶನಿವಾರ

ದಾರಿ ಸಿಕ್ಕಿತು! ಹದದಲ್ಲಿ ಅಂಚು ಎಷ್ಟು ಕುಸಿಯುತ್ತದೆ ಎಂದು ಮೈಕ್ರಾನನ ಕಾಗದದಲ್ಲಿ ಇದೆ. ಹಲ್ಲು ಕತ್ತರಿಸುವಾಗಲೇ ತೂತಿನ ಎದುರಿಗೆ ಅಷ್ಟೇ ಎತ್ತರ ಹೆಚ್ಚಿಗೆ ಬಿಟ್ಟರಾಯಿತು. ಎಣ್ಣೆಯಲ್ಲಿ ಕುಸಿದು ಸಮಕ್ಕೆ ಬಂದು ನಿಲ್ಲುತ್ತದೆ. ಹಲ್ಲು ಕತ್ತರಿಸುವ ಯಂತ್ರದವನನ್ನು ಪಕ್ಕಕ್ಕೆ ಕರೆದು ಹೇಳಿದೆ. ಅವನು ತಲೆ ಕೆರೆದುಕೊಂಡು ಒಪ್ಪಿದ.

ಮೇಡಂಗೆ ಹೇಳುವುದು ಬೇಡ. ಹೇಳಿದರೆ ನಾನು ಅವರ ಕೆಲಸವನ್ನು ತಿದ್ದುತ್ತಿದ್ದೇನೆ ಎಂದುಕೊಂಡಾರು. ಗುರುವಾರ ಅಷ್ಟು ಜನರ ಮುಂದೆ ತಪ್ಪು ನನ್ನದು ಎಂದರಲ್ಲ, ಅದು ನನ್ನ ಮನಸ್ಸಿನಿಂದ ಹೋಗುತ್ತಿಲ್ಲ. ಈ ಸಲ ಅವರ ಎಣ್ಣೆಯಿಂದ ಚಕ್ರ ಗುಂಡಗೆ ಎದ್ದು ಬರಲಿ, ಹೆಸರು ಅವರಿಗೇ ಬರಲಿ. ಬಾಯಿಗೆ ಬೀಗ ಹಾಕಿಕೊಂಡಿದ್ದೇನೆ.

ಮನೆಗೆ ಬರುವಾಗ ಶಿಳ್ಳೆ ಹಾಕುತ್ತಿದ್ದೆನಂತೆ. ಅಕ್ಕ ಹೊಲಿಗೆ ಯಂತ್ರ ನಿಲ್ಲಿಸಿ, "ಏನೋ, ಗಿಯರ್ ಕೂಡ್ತಾ?" ಎಂದಳು. ಚಕ್ರದ ವಿಷಯ ಅಷ್ಟೂ ಹೇಳಿದೆ. "ನಾನು ಚಕ್ರದ ವಿಷಯ ಕೇಳಲಿಲ್ಲ" ಎಂದಳು. ಮತ್ತೆ ಇನ್ಯಾವುದರ ವಿಷಯ ಕೇಳಿದಳೋ, ಅವಳಿಗೇ ಗೊತ್ತು.

ಜೂನ್ ೨೮, ಶುಕ್ರವಾರ

ಎರಡನೇ ಸಲದ ನಾಲ್ಕು ಚಕ್ರಗಳು ಫರ್ನೇಸಿಗೆ ಹೋದವು. ಮೇಡಂ ಗೆಲುವಾಗಿದ್ದರು. "ಈ ಸಲ ನೋಡ್ತಾ ಇರಿ ಸರ್, ಗುಂಡಿ ಬಂದ್ರೆ ಕೇಳಿ" ಎಂದರು. ಅಷ್ಟು ಧೈರ್ಯ ಎಲ್ಲಿಂದ ಬಂತು? ನನ್ನ ಮೇಲೆ ನಂಬಿಕೆ ಇರಬೇಕು ಎಂದುಕೊಂಡು ಒಳಗೊಳಗೇ ಹಿಗ್ಗಿದೆ.

ಒಂದು ವಿಷಯ ಮಾತ್ರ ಚೆನ್ನಾಗಿರಲಿಲ್ಲ. ದೂರದ ಊರಿನ ಒಂದು ಕಾರ್ಖಾನೆಯವರು ಅವರನ್ನು ಕರೆಯುತ್ತಿದ್ದಾರಂತೆ. ದೊಡ್ಡ ಫರ್ನೇಸು, ಕೈಕೆಳಗೆ ಇಪ್ಪತ್ತು ಜನ. ಅವರಿಗೂ ಜುಲೈ ಹನ್ನೆರಡರೊಳಗೆ ಉತ್ತರ ಬೇಕಂತೆ. "ಇಲ್ಲಿ ಬಾಗಿಲು ಹಾಕಿದ್ರೆ ನಾನೂ ಎಲ್ಲಾದ್ರೂ ಹೋಗಲೇಬೇಕಲ್ಲ" ಎಂದರು. ಒಳ್ಳೆಯ ಅವಕಾಶ ಎಂದೆ. ಒಳ್ಳೆಯ ಅವಕಾಶವೇ. ಸಂಜೆ ಕಾಫಿ ರುಚಿಸಲಿಲ್ಲ, ಹಾಲು ಕೆಟ್ಟಿರಬೇಕು.

ಜುಲೈ ೨, ಮಂಗಳವಾರ

ನಗಬೇಕೋ ಅಳಬೇಕೋ ತಿಳಿಯದ ದಿನ.

ಮೈಕ್ರಾನ್ ಬೆಳಿಗ್ಗೆಯೇ ಕರೆಸಿದ. ಅವನ ಮುಖ ವಿಚಿತ್ರವಾಗಿತ್ತು. ಕಾಗದವನ್ನು ಒಮ್ಮೆ ಹೀಗೆ, ಒಮ್ಮೆ ಹಾಗೆ ತಿರುಗಿಸಿ ತೋರಿಸಿದ. "ಸರ್, ನಾನು ಯಂತ್ರಕ್ಕೆ ಏನೋ ಆಗಿದೆ ಅಂತ ಮೂರು ಸಲ ಅಳೆದೆ. ಹೋದ ಸಲ ಆರು ಗುಂಡಿ ಇತ್ತಲ್ಲ, ಈ ಸಲ ಅದೇ ಜಾಗದಲ್ಲಿ ಆರು ಗುಡ್ಡ ಎದ್ದಿದೆ. ಗುಂಡಿ ಎಷ್ಟು ಆಳ ಇತ್ತೋ ಗುಡ್ಡ ಅಷ್ಟೇ ಎತ್ತರ!"

ಗುಡ್ಡ ನನ್ನದು, ನಾನೇ ಬಿಟ್ಟದ್ದು. ಆದರೆ ಅದು ಕುಸಿಯಬೇಕಿತ್ತಲ್ಲ, ಯಾಕೆ ಕುಸಿಯಲಿಲ್ಲ? ಮೇಡಂ ಕಡೆ ನೋಡಿದೆ. ಅವರು ನೆಲ ನೋಡುತ್ತಿದ್ದರು.

"ನಾನು..." ಎಂದೆವು ಇಬ್ಬರೂ ಒಟ್ಟಿಗೆ.

"ನೀವು ಹೇಳಿ."

"ಇಲ್ಲ ಮೇಡಂ, ನೀವು ಮೊದಲು."

ಅವರು ಹೇಳಿದರು. ಎಣ್ಣೆ ನುಗ್ಗದ ಹಾಗೆ ಆರು ತೂತಿಗೂ ಉಕ್ಕಿನ ಬಿರಟೆ ಮಾಡಿಸಿ ತುರುಕಿ, ಆಮೇಲೆ ಮುಳುಗಿಸಿದ್ದರಂತೆ. ಅಂಚು ಒಂದಿಷ್ಟೂ ಕುಸಿಯಲಿಲ್ಲ. ಬಿರಟೆಗಳನ್ನು ಅವರೇ ಕೂತು ಒಂದೊಂದಾಗಿ ಉಜ್ಜಿದ್ದರಂತೆ. ನನಗೆ ಯಾಕೆ ಹೇಳಲಿಲ್ಲ ಎಂದರೆ, "ನಿಮ್ಮ ಚಿತ್ರದಲ್ಲಿ ತಪ್ಪಿದೆ ಅಂತ ಯಾರಿಗೂ ಅನ್ನಿಸಬಾರದು ಅಂತ. ಆ ಚಕ್ರ ಅಂಗೈ ಮೇಲೆ ಇಟ್ಕೊಂಡು ಹೋದಾಗ ನಿಮ್ಮ ಮುಖ ನೋಡಿದ್ದೆ" ಎಂದರು.

ಆಮೇಲೆ ನನ್ನದನ್ನು ಹೇಳಿದೆ. ಅವರ ಹೆಸರು ಕೆಡಬಾರದೆಂದು ಮಾಡಿದ್ದು ಎನ್ನುವುದನ್ನೂ ಹೇಳಿದೆ. ಮೈಕ್ರಾನ್ ಬಾಯಿ ತೆರೆದುಕೊಂಡು ಒಮ್ಮೆ ಅವರನ್ನು, ಒಮ್ಮೆ ನನ್ನನ್ನು ನೋಡಿದ. "ಅಂದ್ರೆ ಒಂದೇ ಗುಂಡೀನ ಇಬ್ಬರೂ ಮುಚ್ಚಿದೀರಿ. ಒಬ್ಬರಿಗೊಬ್ಬರು ಹೇಳದೆ!" ಎಂದು ಹೊಟ್ಟೆ ಹಿಡಿದುಕೊಂಡು ನಗತೊಡಗಿದ. ಮೇಡಂಗೂ ನಗು ಬಂತು. ನಗುತ್ತಾ ನಗುತ್ತಾ ಕಣ್ಣಲ್ಲಿ ನೀರು ಬಂದು, ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು.

ಮಾಲೀಕರಿಗೆ ಮಾತ್ರ ನಗು ಬರಲಿಲ್ಲ. "ಉಳಿದಿರೋದು ನಾಲ್ಕೇ ನಾಲ್ಕು ಚಕ್ರದ ಉಕ್ಕು. ಹನ್ನೆರಡಕ್ಕೆ ಆಯಮ್ಮ ಬರ್ತಾರೆ. ಪ್ಲಾಸ್ಟಿಕ್‌ನೋರಿಗೆ ಫೋನ್ ಮಾಡಿ ಇಟ್ಟಿರ್ತೀನಿ" ಎಂದರು. ತಪ್ಪೇನಿಲ್ಲ, ಅವರ ಜಾಗದಲ್ಲಿದ್ದರೆ ನಾನೂ ಹಾಗೇ ಮಾಡುತ್ತಿದ್ದೆ.

ಹೊರಗೆ ಬರುವಾಗ ಮೇಡಂ ಹೇಳಿದರು: "ಸರ್, ಇನ್ಮೇಲೆ ನನಗೆ ಒಳ್ಳೇದು ಮಾಡೋದಿದ್ರೆ ಹೇಳಿ ಮಾಡಿ."

ಇಷ್ಟು ದೊಡ್ಡ ನಷ್ಟವಾದ ದಿನ ನನಗೆ ಇಷ್ಟು ಹಗುರ ಅನಿಸಬಾರದು. ಅನಿಸುತ್ತಿದೆ. ಅನಿಸಿದ್ದನ್ನು ಬರೆದಿದ್ದೇನೆ.

ಜುಲೈ ೩, ಬುಧವಾರ

ಯಾರ ತಿದ್ದುಪಡಿ ಇರಬೇಕು, ಯಾರದು ಹೋಗಬೇಕು ಎಂದು ಬೆಳಗಿನಿಂದ ವಾದ. ಅವರು ನನ್ನ ಗುಡ್ಡವೇ ಇರಲಿ ಎನ್ನುತ್ತಾರೆ, ನಾನು ಅವರ ಬಿರಟೆಯೇ ಇರಲಿ ಎನ್ನುತ್ತೇನೆ. ಮೈಕ್ರಾನ್ ಬೇಸತ್ತು, "ನೀವು ಹೀಗೇ ದಾಕ್ಷಿಣ್ಯ ಮಾಡ್ಕೊಂಡು ಕೂತ್ರೆ ಮೂರನೇ ಸಲ ಚೌಕಾಕಾರ ಬರುತ್ತೆ" ಎಂದ.

ಕೊನೆಗೆ ದಾಕ್ಷಿಣ್ಯ ಪಕ್ಕಕ್ಕಿಟ್ಟು ಕೂತು ಲೆಕ್ಕ ಮಾಡಿದೆವು. ನನ್ನ ದಾರಿಯಲ್ಲಿ ಪ್ರತಿ ಚಕ್ರ ಕತ್ತರಿಸಲು ಎರಡರಷ್ಟು ಹೊತ್ತು ಬೇಕು. ಎಣ್ಣೆ ಒಂದಿಷ್ಟು ಹಳತಾದರೂ ಕುಸಿತ ಬದಲಾಗಿ ನನ್ನ ಲೆಕ್ಕ ತಪ್ಪುತ್ತದೆ. ಬಿರಟೆಗಳಾದರೆ ಮತ್ತೆ ಮತ್ತೆ ಬಳಕೆಗೆ ಬರುತ್ತವೆ. ಅವರದೇ ಒಳ್ಳೆಯ ದಾರಿ. ಅವರನ್ನು ಮೆಚ್ಚಿಸಲು ಇದನ್ನು ಬರೆಯುತ್ತಿಲ್ಲ, ಇಲ್ಲಿ ಓದುವವರು ಯಾರಿದ್ದಾರೆ.

ಹಾಗಾಗಿ ಈ ಸಲ ನನ್ನ ಕೆಲಸ ಎಂದರೆ ಏನೂ ಮಾಡದೆ ಇರುವುದು. ಮಧ್ಯಾಹ್ನ ಹಲ್ಲು ಕತ್ತರಿಸುವ ಯಂತ್ರದ ಹತ್ತಿರ ನಿಂತಾಗ, ಎಲ್ಲಾದರೂ ಒಂದಿಷ್ಟು ಹೆಚ್ಚಿಗೆ ಬಿಡೋಣವೇ ಎಂದು ಎರಡು ಸಲ ಕೈ ತುರಿಸಿತು. ಎರಡು ಸಲವೂ ಮೇಡಂ ಹತ್ತಿರ ಹೋಗಿ, "ಕೈ ತುರಿಸ್ತಿದೆ" ಎಂದು ಹೇಳಿಬಂದೆ. "ಕಿತ್ತಳೆ ಸುಲಿದುಕೊಡಿ, ಕೈಗೆ ಕೆಲಸ ಆಗುತ್ತೆ" ಎಂದರು. ನಾಲ್ಕು ಸುಲಿದುಕೊಟ್ಟೆ.

ಜುಲೈ ೭, ಭಾನುವಾರ

ಅಕ್ಕ ನನಗೊಂದು ಕೋಟು ಹೊಲಿದಳು. ಅಳತೆ ತೆಗೆಯುವಾಗ, "ಭುಜ ಸ್ವಲ್ಪ ನೆಟ್ಟಗಾಗಿದೆ" ಎಂದಳು. ಮೊದಲು ಬಾಗಿತ್ತೇ ಎಂದು ಕೇಳಿದೆ. "ಹನ್ನೊಂದು ವರ್ಷದಿಂದ" ಎಂದಳು. ಆಫೀಸಿನ ನನ್ನ ಕುರ್ಚಿ ಸರಿಯಿರಲಿಲ್ಲವೇನೋ.

ಜುಲೈ ೧೦, ಬುಧವಾರ

ಕೊನೆಯ ನಾಲ್ಕು. ಇವತ್ತು ನಾನೇ ಹೋಗಿ ಪಕ್ಕದಲ್ಲಿ ನಿಂತೆ. ಬಾಗಿಲು ತೆರೆದಾಗ ಕೆಂಪಗೆ ಕಾದ ಚಕ್ರಗಳು ಕಂಡವು. ಮೇಡಂ ಕೈ ಎತ್ತಿದರು, ಬುಟ್ಟಿ ಎಣ್ಣೆಗಿಳಿಯಿತು, ಹೊಗೆ ಎದ್ದಿತು. ಆರುವವರೆಗೆ ಇಬ್ಬರೂ ಒಂದು ಕಿತ್ತಳೆಯನ್ನು ಹಂಚಿಕೊಂಡು ತಿಂದೆವು.

ಮೈಕ್ರಾನ್ ಅಳೆದ. ನಾನು ಕಿಟಕಿಯ ಕಡೆ ತಿರುಗಿ ನಿಂತೆ. ಅವನು ಕರೆದು ಕಾಗದ ತೋರಿಸಿ, ತನ್ನ ಬೋಳು ತಲೆ ಸವರಿಕೊಂಡು, "ನನ್ನ ತಲೇನೂ ಇಷ್ಟು ಗುಂಡಗಿಲ್ಲ ಸರ್" ಎಂದ.

ಪೆಟ್ಟಿಗೆಯಲ್ಲಿ ಹಾಕಿ ಓಡಿಸಿದೆವು. ಸದ್ದೇ ಇಲ್ಲ. ಓಡುತ್ತಿದೆಯೋ ಇಲ್ಲವೋ ಎಂದು ಮಾಲೀಕರು ಕೈಯಿಟ್ಟು ನೋಡಿದರು. ಎರಡಾಳು ತೂಕದ ಭಾರ ಹೇರಿದರೂ ಹಲ್ಲುಗಳು ಜಗ್ಗಲಿಲ್ಲ.

ಜುಲೈ ೧೨, ಶುಕ್ರವಾರ

ಆಂಬ್ಯುಲೆನ್ಸಿನ ಸಹಾಯಕಿ ಬಂದರು. ಕುರ್ಚಿಯನ್ನು ಎತ್ತಿದರು, ಕೆಳಗಿಟ್ಟರು, ಮತ್ತೆ ಎತ್ತಿದರು. "ಒಳಗೆ ಎಲ್ಲಾ ಹಾಕಿದೀರಾ, ಇಲ್ಲ ಖಾಲಿ ಡಬ್ಬ ಕೊಟ್ಟು ಏಮಾರಿಸ್ತಿದೀರಾ?" ಎಂದರು. ಹೆಗಲಿಗೇರಿಸಿ ನಾಲ್ಕು ಮಹಡಿ ಹತ್ತಿದರು, ಮೇಲೆ ನಿಂತು ಮಾತಾಡುವಷ್ಟು ಉಸಿರು ಉಳಿದಿತ್ತು. ಇಳಿಯುವಾಗ ರೋಗಿ ಬೇಕು ಎಂದು ಮಾಲೀಕರನ್ನೇ ಕೂರಿಸಿ ಬೆಲ್ಟು ಬಿಗಿದರು. ಮಾಲೀಕರು ಕೈಮುಷ್ಟಿ ಬಿಗಿಹಿಡಿದು ಕೂತು, ಕೆಳಗೆ ಬರುವ ಹೊತ್ತಿಗೆ ನಗುತ್ತಿದ್ದರು. ಕುರ್ಚಿಯಿಂದ ಇಳಿಯುವ ಮೊದಲೇ ಹೇಳಿದರು: ಫರ್ನೇಸ್ ಎಲ್ಲೂ ಹೋಗುವುದಿಲ್ಲ.

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಆಮೇಲೆ ನೆನಪಾಯಿತು, ಇವತ್ತು ಹನ್ನೆರಡು. ಫರ್ನೇಸ್ ಹೋಗುವುದಿಲ್ಲ ನಿಜ, ಆದರೆ ಮೇಡಂ ಹೋಗಬಹುದಲ್ಲ. ದೊಡ್ಡ ಕೆಲಸ, ಇಪ್ಪತ್ತು ಜನ. ಇಲ್ಲಿ ಇರುವವರು ನಾಲ್ಕು ಜನ ಮತ್ತು ಒಂದು ಸ್ಟೂಲು.

ಮಾಲೀಕರ ಬಾಯಲ್ಲಿ ಮೇಡಂಗೆ "ಇರಿ" ಎನ್ನಿಸಬೇಕು, ನಾನು ಹೇಳಿಸಿದ್ದೆಂದು ಅವರಿಗೆ ಗೊತ್ತಾಗಬಾರದು ಎಂದುಕೊಂಡು ಮಾಲೀಕರ ಕೋಣೆಗೆ ಹೊರಟೆ. ಬಾಗಿಲ ಹಿಡಿಕೆಯ ಮೇಲೆ ಕೈಯಿಟ್ಟಾಗ ಹೊಳೆಯಿತು: ಮತ್ತೆ ಅದನ್ನೇ ಮಾಡಲು ಹೊರಟಿದ್ದೇನೆ. ವಾಪಸ್ಸು ಬಂದೆ. ನೇರವಾಗಿ ಫರ್ನೇಸ್ ವಿಭಾಗಕ್ಕೆ ನಡೆದೆ.

ಮೇಡಂ ಒಬ್ಬರೇ ಇದ್ದರು. ಬಿರಟೆಗಳನ್ನು ಒರೆಸಿ ಜೋಡಿಸುತ್ತಿದ್ದರು.

"ಮೇಡಂ, ನಿಮಗೆ ಗೊತ್ತಾಗದ ಹಾಗೆ ಒಂದು ಕೆಲಸ ಮಾಡೋಕೆ ಹೊರಟಿದ್ದೆ. ನೀವು ಹೇಳಿ ಮಾಡಿ ಅಂದಿದ್ರಲ್ಲ. ಅದಕ್ಕೆ ಬಂದೆ."

"ಏನು ಕೆಲಸ?"

"ನೀವು ಆ ಊರಿಗೆ ಹೋಗದ ಹಾಗೆ ಮಾಡೋದು."

ಅವರು ಒರೆಸುವುದನ್ನು ನಿಲ್ಲಿಸಿದರು. "ಯಾಕೆ? ಫರ್ನೇಸ್ ನೋಡ್ಕೊಳ್ಳೋರು ಬೇಕು ಅಂತಾನಾ?"

"ಫರ್ನೇಸ್‌ಗೆ ಯಾರಾದ್ರೂ ಸಿಗ್ತಾರೆ. ನೀವು ಹೋದ್ರೆ ನನಗೆ ಕಷ್ಟ ಆಗುತ್ತೆ. ಬೆಳಗಾದ್ರೆ ನಿಮ್ಮನ್ನ ನೋಡಬೇಕು ಅನಿಸುತ್ತೆ. ಅದಕ್ಕೆ ತೆಳುವಾದ ಚಕ್ರ ಕಾರಣ ಅಂದ್ಕೊಂಡಿದ್ದೆ, ಅಲ್ಲ." ಇಷ್ಟನ್ನೂ ಒಂದೇ ಉಸಿರಿಗೆ ಹೇಳಿದೆ.

ಅವರು ಕೈಯಲ್ಲಿದ್ದ ಬಿರಟೆಯನ್ನು ಮೇಜಿನ ಮೇಲಿಟ್ಟರು. "ನಾನೂ ನಿಮಗೆ ಒಂದು ವಿಷಯ ಹೇಳದೆ ಇಟ್ಕೊಂಡಿದೀನಿ. ತಪ್ಪೇ. ಆ ಊರಿನೋರಿಗೆ ನಾನು ಬರಲ್ಲ ಅಂತ ಆಗಲೇ ಹೇಳಿಬಿಟ್ಟೆ."

"ಇವತ್ತಾ? ಚಪ್ಪಾಳೆ ಆದಮೇಲಾ?"

"ಇಲ್ಲ. ಆರು ಗುಡ್ಡ ಎದ್ದ ದಿನ. ಸಾಯಂಕಾಲ."

ಆರು ಗುಡ್ಡ ಎದ್ದ ದಿನ ಉಳಿದದ್ದು ನಾಲ್ಕೇ ಚಕ್ರದ ಉಕ್ಕು. ಫರ್ನೇಸ್ ಉಳಿಯುತ್ತದೆ ಎಂದು ನಾನೇ ನಂಬಿರಲಿಲ್ಲ. ಅದನ್ನು ಅವರಿಗೆ ಹೇಳಿದೆ.

"ನಾನೂ ನಂಬಿರಲಿಲ್ಲ" ಎಂದರು.

ಮನೆಗೆ ಬಂದು ನೇರವಾಗಿ ಬರೆಯಲು ಕೂತಿದ್ದೇನೆ. ಆಚೆ ಕೋಣೆಯಲ್ಲಿ ಹೊಲಿಗೆ ಯಂತ್ರ ಓಡುತ್ತಿದೆ. ಅಕ್ಕನಿಗೆ ಇನ್ನೂ ಹೇಳಿಲ್ಲ. ಎದ್ದು ಹೋಗಿ ಹೇಳುತ್ತೇನೆ.